ನೆಲಕ್ಕೆ ಕೂತ ಇಂಪಾಲಾ

ಉಬಾಲ್ದೊ ಕಾರಿನ ಡಿಕ್ಕಿಯೊಳಗೆ ಸೊಂಟದವರೆಗೆ ಇಳಿದುಬಿಟ್ಟಿದ್ದ. ಹೊರಗೆ ಕಾಣುತ್ತಿದ್ದದ್ದು ಇಸ್ತ್ರಿ ಮಾಡಿದ ಕಪ್ಪು ಪ್ಯಾಂಟು ಮತ್ತು ಪಾಲಿಶ್ ಹಾಕಿದ ಬೂಟು ಮಾತ್ರ. ಅಣ್ಣನ ಶವಸಂಸ್ಕಾರಕ್ಕೆಂದು ತೊಟ್ಟಿದ್ದ ಕೋಟು ಬೇಲಿಯ ಮೇಲೆ ನೇತಾಡುತ್ತಿತ್ತು. ಅವನ ಅತ್ತಿಗೆ ಎರ್ಲಿಂದಾ ಕಪ್ಪು ಉಡುಪಿನ ಮೇಲೆ ಅಡುಗೆಮನೆಯ ಏಪ್ರನ್ ಕಟ್ಟಿಕೊಂಡು, ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಬೆಳಕು ಸ್ವಲ್ಪ ಎಡಕ್ಕೆ, ಅತ್ತಿಗೆ."

"ಇಷ್ಟು ಸಾಕಾ?"

"ಬೆಳಕು ಒಂದು ಕಡೆ ನಿಲ್ತಾ ಇಲ್ಲ."

"ಚಳಿ ಕಣೋ. ನೀನು ನಿನ್ನ ಕೆಲಸ ನೋಡು."

ಚಳಿ ಇತ್ತು. ಫೆಬ್ರವರಿಯ ಕೊನೆ. ಅಂಗಳದ ಕೆಸರಿನಲ್ಲಿ ಟ್ರಕ್ಕುಗಳ ಗಾಲಿ ಬಿಟ್ಟ ಗುರುತುಗಳು ರಾತ್ರಿಯ ಹಿಮಕ್ಕೆ ಕಲ್ಲಾಗಿದ್ದವು.

ಉಬಾಲ್ದೊ ಡಿಕ್ಕಿಯಿಂದ ತಲೆ ಹೊರಗೆ ತೆಗೆದು, ಉದ್ದನೆಯ ತಂತಿಯ ತುದಿಗಿದ್ದ ಸ್ವಿಚ್ಚಿನ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಒತ್ತಿದ. ಒಳಗೆಲ್ಲೋ 'ಟಿಕ್' ಎಂದಿತು. ಕಾರು ಕದಲಲಿಲ್ಲ. ಇನ್ನೊಮ್ಮೆ ಒತ್ತಿದ. 'ಟಿಕ್.'

"ಏಳಲ್ಲ ಇದು. ಆರಕ್ಕೆ ಆರೂ ಬ್ಯಾಟರಿ ಸತ್ತಿವೆ."

ಅದು ಅರುವತ್ತಮೂರನೇ ಇಸವಿಯ ಇಂಪಾಲಾ ಕಾರು. ಎಸ್ಪಾನ್ಯೋಲಾ ಕಣಿವೆಯ ಗಂಡಸರು ಹಳೆಯ ಕಾರುಗಳನ್ನು ಷೋಕಿಗೆಂದು ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸುತ್ತಾರೆ. ಹೊರಡುವಾಗ ಎಣ್ಣೆಯ ಪಂಪು ಅದನ್ನು ಎತ್ತಬೇಕು. ಎತ್ತದಿದ್ದರೆ ಚಕ್ರಕ್ಕೆ ತಿರುಗಲೂ ಜಾಗವಿರುವುದಿಲ್ಲ. ತೀರಿಹೋದ ಅಣ್ಣ ಮೆಲೆಸಿಯೊ ಇದಕ್ಕೆ ಹಾಕಿದ್ದ ಪಂಪು ಬ್ರೆಡ್ಡಿನ ಲಾರಿಯೊಂದರ ಹಿಂಬದಿಯಲ್ಲಿ ಸರಕು ಎತ್ತುತ್ತಿದ್ದದ್ದು. ಲಾರಿ ಗುಜರಿಗೆ ಹೋದಾಗ ಬಿಚ್ಚಿ ತಂದಿದ್ದ. ನವೆಂಬರಿನಲ್ಲಿ ಆಸ್ಪತ್ರೆಗೆ ಹೊರಡುವ ಮುಂಚೆ ಅವನೇ ಕಾರನ್ನು ಇಳಿಸಿ ಕೂರಿಸಿದ್ದ. ಅಂದಿನಿಂದ ಅದು ಹಾಗೇ ಕೂತಿತ್ತು, ಬಣ್ಣವಿಲ್ಲದೆ, ಬೂದು ಲೇಪದಲ್ಲಿ, ಮಲಗಿದ ಎಮ್ಮೆಯ ಹಾಗೆ.

ಅಡುಗೆಮನೆಯ ಬಾಗಿಲು ತೆರೆದು ವಿಯೋಲಾ ಹೊರಗೆ ಬಂದಳು. ಸಾಂತಾ ಫೆಯ ದಂತವೈದ್ಯರೊಬ್ಬರ ಬಳಿ ಕೆಲಸ ಮಾಡುವ ಮಗಳು. ಬಂದ ದಿನದಿಂದ ಮನೆಯನ್ನು ಆಸ್ಪತ್ರೆಯ ಹಾಗೆ ನಡೆಸುತ್ತಿದ್ದಳು.

"ಅಮ್ಮಾ, ಇನ್ನೂ ಇಲ್ಲೇ ಇದ್ದೀಯಾ? ಶವಸಂಸ್ಕಾರದವರ ಲಿಮೋಸಿನ್ ಕಾರು ಬರೋ ಹೊತ್ತಾಯ್ತು. ಒಳಗೆ ಬಾ, ಕೂದಲು ಬಾಚ್ತೀನಿ."

"ನಾನು ಅದರಲ್ಲಿ ಬರಲ್ಲ ಅಂತ ಹೇಳಿದೀನಲ್ಲ."

"ಮತ್ತೆ ಯಾವುದರಲ್ಲಿ ಬರ್ತೀಯಾ? ಇದರಲ್ಲಾ? ಇದು ಎದ್ದು ನಿಂತಿದ್ದನ್ನ ನಾನು ಬೆರಳಲ್ಲಿ ಎಣಿಸಬಹುದು."

"ಎದ್ದರೆ ಇದರಲ್ಲಿ. ಏಳದಿದ್ದರೆ ನಡ್ಕೊಂಡು."

"ಇಗರ್ಜಿವರೆಗೂ? ಹೆದ್ದಾರಿ ದಾಟಿ, ಗುಡ್ಡ ಹತ್ತಿ? ಆ ಮಂಡಿ ಇಟ್ಕೊಂಡು?" ವಿಯೋಲಾ ಚಿಕ್ಕಪ್ಪನ ಕಡೆ ತಿರುಗಿದಳು. "ನೀವಾದರೂ ಹೇಳಿ ಚಿಕ್ಕಪ್ಪ."

ಉಬಾಲ್ದೊ ಎಣ್ಣೆಯ ಕೈಯನ್ನು ಎಲ್ಲಿ ಒರೆಸುವುದೆಂದು ಸುತ್ತ ನೋಡಿ, ಕೊನೆಗೆ ಬೇಲಿಯ ಕಂಬಕ್ಕೆ ಒರೆಸಿದ. "ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲಮ್ಮ. ನಂಗೆ ಬ್ಯಾಟರಿನೇ ಸಾಕು."

*

ಕಾರು ಮೆಲೆಸಿಯೊಗೆ ಸಿಕ್ಕಿದ್ದು ಕೋಳಿಗಳ ನಡುವೆ. ಗುಡ್ಡದ ಮೇಲಿನ ಊರಿನಲ್ಲಿ ಯಾರದೋ ಹಿತ್ತಿಲಲ್ಲಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಒಂದು ಕೋಳಿ ಏನು ಮಾಡಿದರೂ ಇಳಿಯಲಿಲ್ಲವಂತೆ. ಕಾರಿನ ಯಜಮಾನ, "ಇರಲಿ ಬಿಡು, ಅದನ್ನೂ ತಗೊಂಡು ಹೋಗು" ಎಂದನಂತೆ. ಅದನ್ನು ಹೇಳಿ ಹೇಳಿ ಮೆಲೆಸಿಯೊ ಎರ್ಲಿಂದಾಳನ್ನು ನಗಿಸಿದ್ದ. ಆಗ ಅವರಿಗಿನ್ನೂ ಮದುವೆಯಾಗಿರಲಿಲ್ಲ.

"ಇಗರ್ಜಿಯಿಂದ ನಿನ್ನನ್ನ ಇದರಲ್ಲೇ ಕರ್ಕೊಂಡು ಬರ್ತೀನಿ ನೋಡು. ಮೊದಲ ಸವಾರಿ ನಿಂದು."

ಮದುವೆಯ ದಿನ ಕಾರಿಗೆ ಎಂಜಿನ್ ಇರಲಿಲ್ಲ. ಅವಳು ಮಾವನ ಹುಲ್ಲಿನ ಟ್ರಕ್ಕಿನಲ್ಲಿ ಮುಸುಕಿನ ತುಂಬ ಹುಲ್ಲಿನ ಚೂರು ಅಂಟಿಸಿಕೊಂಡು ಗಂಡನ ಮನೆಗೆ ಬಂದಳು. ಆಗ ಅವಳಿಗೆ ಅದೂ ನಗುವ ವಿಷಯವೇ ಆಗಿತ್ತು.

ವಿಯೋಲಾಳ ಜ್ಞಾನಸ್ನಾನದ ಹೊತ್ತಿಗೆ ಎಂಜಿನ್ ಇತ್ತು, ಶಾಲೆಯವರು ಎಸೆದ ವ್ಯಾನಿನದು. ಆದರೆ ಚಕ್ರಗಳಿರಲಿಲ್ಲ, ರಿಪೇರಿಗೆ ಹೋಗಿವೆ ಎಂದಿದ್ದ. ಕಾರು ಇಟ್ಟಿಗೆಗಳ ಮೇಲೆ ನಿಂತೇ ಆ ಬೇಸಿಗೆ ಕಳೆಯಿತು. ವಿಯೋಲಾಳ ಮದುವೆಯ ಹೊತ್ತಿಗೆ ಚಕ್ರವಿತ್ತು, ಬ್ರೇಕಿತ್ತು, ಆದರೆ ಮುಂದಿನ ಗಾಜು ಇರಲಿಲ್ಲ. ಕಲ್ಲು ಸಿಡಿದು ಒಡೆಯಿತು ಎಂದಿದ್ದ.

ಅವತ್ತು ಎರ್ಲಿಂದಾ ನಗಲಿಲ್ಲ. ಮಗಳ ಮದುವೆಯ ಕೇಕಿಗೆ ಸಕ್ಕರೆ ಕಲಸುತ್ತಿದ್ದ ಚಮಚ ಹಿಡಿದುಕೊಂಡೇ ಅಂಗಳಕ್ಕೆ ಬಂದಿದ್ದಳು.

"ಕೇಳು ಮೆಲೆಸಿಯೊ. ಇನ್ನು ಮುಗೀತು, ಬಾ ಅಂತ ನೀನಾಗೇ ಕರೆಯೋವರೆಗೂ ನಾನು ಇದರ ಬಾಗಿಲು ಮುಟ್ಟಲ್ಲ. ಒಳಗೆ ಇಣುಕಿ ಕೂಡ ನೋಡಲ್ಲ."

ಅವನು ಸ್ಪ್ಯಾನರಿನಿಂದ ಕತ್ತು ಕೆರೆದುಕೊಂಡು, "ಸರಿ" ಎಂದಿದ್ದ.

ಅವಳು ಮಾತು ಉಳಿಸಿಕೊಂಡಳು. ಅವನು ಪ್ರತಿ ಭಾನುವಾರ ಎಂಜಿನ್ ಚಾಲೂ ಮಾಡಿ, ಅಂಗಳದಲ್ಲಿ ಒಂದು ಸುತ್ತು ಹೋಗಿ, ಮತ್ತೆ ಏನನ್ನಾದರೂ ಬಿಚ್ಚುತ್ತಿದ್ದ. ಅವಳು ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವನು ಕಣ್ಣು ಮುಚ್ಚಿಕೊಂಡೇ, "ಈ ಬೇಸಿಗೆಗೆ" ಎಂದ. ಯಾವುದು ಎಂದು ಅವಳು ಕೇಳಬೇಕಾಗಿರಲಿಲ್ಲ.

*

ಒಬ್ಬೊಬ್ಬರಾಗಿ ಜನ ಬರತೊಡಗಿದರು. ಮೆಲೆಸಿಯೊನ ಶವಪೆಟ್ಟಿಗೆ ಹಿಂದಿನ ಸಂಜೆಯ ಜಪಮಾಲೆ ಪ್ರಾರ್ಥನೆಯಿಂದ ಗುಡ್ಡದ ಮೇಲಿನ ಇಗರ್ಜಿಯಲ್ಲೇ ಇತ್ತು. ಮೊದಲು ಮನೆಗೆ ಬಂದು ಪಾತ್ರೆಗಳನ್ನಿಟ್ಟು, ಒಂದು ಲೋಟ ಕಾಫಿ ಕುಡಿದು, ಎಲ್ಲರೂ ಒಟ್ಟಿಗೆ ಹೊರಡುವುದು ಅಲ್ಲಿಯ ರೂಢಿ. ಅಂಗಳದಲ್ಲಿ ಟ್ರಕ್ಕುಗಳು ಸಾಲಾಗಿ ನಿಂತವು. ಗಂಡಸರು ಮನೆಯೊಳಗೆ ಬರದೆ ನೇರವಾಗಿ ಇಂಪಾಲಾದ ಡಿಕ್ಕಿಯ ಸುತ್ತ ಸೇರಿದರು. ಹೆಂಗಸರು ಅವರನ್ನು ನೋಡಿ ತಲೆಯಾಡಿಸುತ್ತ ಒಲೆಯ ಕಡೆ ನಡೆದರು.

ಎರ್ಲಿಂದಾ ಕೂರಲಾರದೆ ಓಡಾಡುತ್ತಿದ್ದಳು. ಒರೆಸಿದ ಮೇಜನ್ನೇ ಒರೆಸಿದಳು. ಗಡಿಯಾರ ನೋಡಿದಳು. ಮತ್ತೆ ಅಂಗಳಕ್ಕೆ ಬಂದಳು.

ಡೆಲ್ಫಿನಿಯಾ ಆಗಷ್ಟೇ ಪೊಸೋಲೆಯ ದೊಡ್ಡ ಪಾತ್ರೆಯನ್ನು ಟ್ರಕ್ಕಿನಿಂದ ಇಳಿಸುತ್ತಿದ್ದಳು. ಜೋಳ ಮತ್ತು ಹಂದಿಮಾಂಸ ಬೆಂದ ಹಬೆ ಚಳಿಯಲ್ಲಿ ಮೇಲೇಳುತ್ತಿತ್ತು. ಎರ್ಲಿಂದಾಳ ಬಾಲ್ಯದ ಗೆಳತಿ ಅವಳು. ಸಾವಿನ ಮನೆಯಲ್ಲೂ ಮೆಲ್ಲಗೆ ಮಾತಾಡಲು ಬರದವಳು.

"ಅಯ್ಯೋ, ಆ ಬಂಪರ್ ಇನ್ನೂ ಹಂಗೇ ಹೊಳೀತಾ ಇದೆಯಲ್ಲೇ! ನನ್ನ ಮದುವೆ ಫೋಟೋದಲ್ಲಿ ನನಗಿಂತ ಅದೇ ಚೆನ್ನಾಗಿ ಬಂದಿದೆ."

"ನಿನ್ನ ಮದುವೆ ಫೋಟೋದಲ್ಲಾ?"

"ಮತ್ತೆ? ನಮ್ಮ ಮನೆಯವರ ಕಾರಿನದು ತುಕ್ಕು ಹಿಡಿದು ಉದುರಿ ಬಿದ್ದಿತ್ತಲ್ಲ. ಮೆಲೆಸಿಯೊ ತಂದು ಹಾಕಿಕೊಟ್ಟ. ಒಂದು ವರ್ಷ ಆದ್ಮೇಲೆ ಹಿಂದಕ್ಕೆ ಕೊಟ್ವಿ ಅನ್ನು."

ಡಿಕ್ಕಿಯ ಹತ್ತಿರದಿಂದ ಫಿದೆಲ್ ನಕ್ಕ. ಮೆಲೆಸಿಯೊನ ಹಾಗೆಯೇ ಅವನೂ ಶಾಲಾ ಬಸ್ಸಿನ ಚಾಲಕ, ಪಕ್ಕದ ಮನೆಯವನು. "ಬಂಪರಿಗೆ ಇಷ್ಟೊಂದು ಹೇಳ್ತೀಯಲ್ಲ! ನನ್ನ ಮಗಳ ಮದುವೆ ಹಿಂದಿನ ದಿನ ನನ್ನ ಕಾರಿನ ಗಾಜು ಒಡೆದುಹೋಯ್ತು. ಇವನು ಏನ್ ಮಾಡಿದ ಗೊತ್ತಾ? ಮಾತೇ ಆಡದೆ ಹೋಗಿ ತನ್ನ ಕಾರಿಂದು ಬಿಚ್ಚಿ ಹೊತ್ಕೊಂಡು ಬಂದ. ಮುಂದಿನ ಗಾಜು! ಹೆಗಲ ಮೇಲೆ!"

"ನನ್ನ ಮಗ ಸೈನ್ಯದಿಂದ ಬಂದಾಗ ನಾಲ್ಕೂ ಚಕ್ರ ಕೊಟ್ಟಿದ್ದ," ಎಂದ ಮುದುಕ ಪ್ರೊಕೊಪಿಯೊ, ಕಾಫಿಯ ಲೋಟದೊಳಗೆ ನೋಡುತ್ತ. "ಹುಡುಗ ಊರೆಲ್ಲ ಮೆರೆದ ಆ ಬೇಸಿಗೆ."

ಎಲ್ಲರೂ ನಕ್ಕರು. ಸತ್ತವನನ್ನು ನೆನೆದು ನಗುವಾಗಿನ ಮೆತ್ತನೆಯ ನಗು. ಎರ್ಲಿಂದಾ ನಗಲಿಲ್ಲ.

"ಫಿದೆಲ್, ನಿನ್ನ ಮಗಳ ಮದುವೆ ಯಾವಾಗ ಆಗಿದ್ದು?"

"ನಿಮ್ಮ ವಿಯೋಲಾದು ಆಯ್ತಲ್ಲ ಅಕ್ಕ, ಅದೇ ಬೇಸಿಗೆ. ಅದಕ್ಕೆ ಎರಡು ವಾರ ಮುಂಚೆ."

"ಕಲ್ಲು ಸಿಡೀತು ಅಂದಿದ್ದ," ಎಂದಳು ಎರ್ಲಿಂದಾ.

ಡೆಲ್ಫಿನಿಯಾ ಪಾತ್ರೆಯ ಹಿಡಿಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನಾಲ್ಕು ಚಕ್ರ," ಎಂದಳು ಎರ್ಲಿಂದಾ. "ಗಾಜು. ನನ್ನ ಮಗಳ ಮದುವೆಗೆ ಇಲ್ಲದ ಗಾಜು. ಊರಿನವರೆಲ್ಲ ಸವಾರಿ ಮಾಡಿದೀರಿ ಈ ಕಾರಲ್ಲಿ. ತುಂಡು ತುಂಡಾಗಿ, ಒಬ್ಬೊಬ್ಬರೂ! ನಾನೊಬ್ಬಳು ಬಿಟ್ಟು."

"ಅತ್ತಿಗೆ..."

"ಬಿಡು ಉಬಾಲ್ದೊ. ಆ ಬೂಟು ಒರೆಸ್ಕೋ, ಕೋಟು ಹಾಕ್ಕೋ. ನಾನು ಲಿಮೋಸಿನ್ನಲ್ಲೇ ಹೋಗ್ತೀನಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗಲೇ ತೊಳೆದಿಟ್ಟಿದ್ದ ಬಾಣಲೆಯನ್ನು ತೊಟ್ಟಿಗೆ ಎಳೆದುಕೊಂಡು ತಿಕ್ಕತೊಡಗಿದಳು. ಹಿಂದೆ ಬಂದ ವಿಯೋಲಾ, ಅಮ್ಮ ಒಪ್ಪಿದಳೆಂದು ಖುಷಿಪಡಬೇಕಾದವಳು, ಬಾಗಿಲಲ್ಲೇ ನಿಂತಳು.

"ಅಮ್ಮಾ, ಅದು ಶುಭ್ರವಾಗೇ ಇದೆ."

"ಇಲ್ಲ."

"ನಿಂಗೆ ಆ ಕಾರಲ್ಲೇ ಹೋಗಬೇಕು ಅಂತಿದ್ದರೆ ನಾನು..."

"ಬೇಡ ಅಂದೆನಲ್ಲ! ನಿಮ್ಮಪ್ಪನಿಗೆ ಇಲ್ಲ ಅನ್ನೋಕೇ ಬರ್ತಿರಲಿಲ್ಲ, ಯಾರಿಗೂ. ನನಗೊಬ್ಬಳಿಗೇ ಬರ್ತಿದ್ದದ್ದು. ಬೇಸಿಗೆಗೆ, ಬೇಸಿಗೆಗೆ, ಬೇಸಿಗೆಗೆ." ನೀರು ಅವಳ ಕಪ್ಪು ಉಡುಪಿನ ತೋಳಿನ ಮೇಲೆ ಹಾರಿತು. "ಒಂದು ಸ್ಟೂಲು ಕೂಡ ಮಾಡಿಕೊಡಲಿಲ್ಲ ಆ ಮನುಷ್ಯ ನನಗೆ."

*

ಸ್ಟೂಲಿನ ಮಾತು ಶುರುವಾದದ್ದು ಒಂದು ಚಳಿಗಾಲದ ಮಧ್ಯಾಹ್ನ. ಎರ್ಲಿಂದಾ ತೀರಾ ಗಿಡ್ಡ. ಯಾವ ಕಾರಿನಲ್ಲಿ ಕೂತರೂ ಮುಂದಿನ ಗಾಜಿನಲ್ಲಿ ಅವಳಿಗೆ ಆಕಾಶ ಮಾತ್ರ ಕಾಣುತ್ತಿತ್ತು. ಅದಕ್ಕೇ ಎಲ್ಲಿಗೆ ಹೋದರೂ ಹೂವಿನ ಬಟ್ಟೆಯ ದಿಂಬೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಡುವುದು. ಇಗರ್ಜಿಯ ಹುಡುಗರು ಅವಳನ್ನು ದಿಂಬಿನಜ್ಜಿ ಎನ್ನುತ್ತಿದ್ದರು. ಹೊಲಿಗೆ ಯಂತ್ರದ ಮುಂದೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಅವತ್ತು ಮೆಲೆಸಿಯೊ ಬಸ್ಸನ್ನು ನಿಲ್ಲಿಸಿ ಒಳಗೆ ಬಂದವನು, ಜಾಕೆಟ್ಟನ್ನೂ ಬಿಚ್ಚದೆ ಅಳತೆಯ ಟೇಪು ತೆಗೆದ.

"ಕುರ್ಚಿ ಮೇಲೆ ಕೂತ್ಕೋ. ನೆಟ್ಟಗೆ."

"ಯಾಕೆ? ಶವಪೆಟ್ಟಿಗೆ ಮಾಡಿಸ್ತೀಯಾ?"

"ಸ್ಟೂಲು ಮಾಡ್ತೀನಿ. ಹೊಲಿಗೆಗೆ."

ಅವನು ನೆಲದ ಮೇಲೆ ಮಂಡಿಯೂರಿ, ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ಕಣ್ಣಿನ ಮಟ್ಟದವರೆಗೆ ಅಳೆದ. ಅಳತೆಗಳನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.

"ಹೊಲಿಯೋದಕ್ಕೆ ಕಣ್ಣಿನ ಎತ್ತರ ಯಾಕೆ ಬೇಕು?"

"ಸೂಜಿ ಕಾಣಬೇಡ್ವಾ?" ಎಂದ ಅವನು. ಟೇಪು ಸರಕ್ಕನೆ ಸುರುಳಿಯಾಗಿ ಒಳಗೆ ಹೋಯಿತು.

ಸ್ಟೂಲು ಬರಲಿಲ್ಲ. ವರ್ಷಕ್ಕೆರಡು ಸಲವಾದರೂ ಅವಳು ಕೇಳುತ್ತಿದ್ದಳು, ಎಲ್ಲಿ ನನ್ನ ಸ್ಟೂಲು, ಮರ ಇನ್ನೂ ಬೆಳೀತಾ ಇದೆಯಾ ಅಂತ. ಆಗೆಲ್ಲ ಅವನು ಕತ್ತು ಕೆರೆದುಕೊಳ್ಳುತ್ತಿದ್ದ.

*

ಮೊದಲು ಕೇಳಿಸಿದ್ದು ಒಂದು ನರಳಾಟ, ಭಾರ ಹೊತ್ತ ಎತ್ತು ಏಳುವಾಗ ಹೊರಡಿಸುವಂಥದ್ದು. ಆಮೇಲೆ ಗಂಡಸರ ಕೇಕೆ. ಎರ್ಲಿಂದಾ ಬಾಣಲೆ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋದಳು. ಪರದೆ ಅಭ್ಯಾಸಬಲದಿಂದ ಎಳೆದೇ ಇತ್ತು. ಸರಿಸಿದಳು.

ಇಂಪಾಲಾ ಎದ್ದು ನಿಂತಿತ್ತು. ಹಿಂದಿನ ಭಾಗ ಮೊದಲು ಎದ್ದಿತ್ತು. ಅವಳು ನೋಡುತ್ತಿದ್ದಂತೆ ಮುಂಭಾಗವೂ ಒಮ್ಮೆ ತಡವರಿಸಿ ಮೇಲಕ್ಕೆ ಬಂತು. ಅದರ ಹಿಂದೆ ಅಂಗಳದುದ್ದಕ್ಕೂ ಟ್ರಕ್ಕುಗಳೆಲ್ಲ ಬಾನೆಟ್ ತೆರೆದುಕೊಂಡು, ಹಲ್ಲು ಕೀಳಿಸಿಕೊಂಡವರ ಹಾಗೆ ನಿಂತಿದ್ದವು. ಪ್ರೊಕೊಪಿಯೊನ ಟ್ರಕ್ಕು, ಫಿದೆಲನದು, ಡೆಲ್ಫಿನಿಯಾಳ ಗಂಡನದು, ಉಬಾಲ್ದೊನದು, ಇನ್ನೊಬ್ಬ ನೆರೆಯವನದು. ಕಡೆಗೆ ವಿಯೋಲಾಳ ಚಿಕ್ಕ ಕಾರು ಕೂಡ.

"ನನ್ನ ಕಾರು!" ಎಂದಳು ವಿಯೋಲಾ, ಓಡುತ್ತ ಹೊರಗೆ ಹೋಗಿ.

"ಆರು ಬೇಕಿತ್ತಮ್ಮ," ಎಂದ ಉಬಾಲ್ದೊ. ಬಿಳಿ ಅಂಗಿಯ ಎದೆಯ ಮೇಲೆ ಬ್ಯಾಟರಿ ತಬ್ಬಿಕೊಂಡ ಚೌಕದ ಗುರುತು ಅಚ್ಚೊತ್ತಿತ್ತು. "ಐದು ಸಿಕ್ಕಿತ್ತು. ಲಿಮೋಸಿನ್ನಿನವನ್ನ ಕೇಳಿದೆ. ಒಳಗಿಂದ ಬಾಗಿಲು ಹಾಕ್ಕೊಂಡುಬಿಟ್ಟ."

ನಿಜ. ಗೇಟಿನ ಬಳಿ ಬಂದು ನಿಂತಿದ್ದ ಉದ್ದನೆಯ ಕಪ್ಪು ಕಾರಿನೊಳಗೆ ಚಾಲಕ ನೇರವಾಗಿ ಮುಂದೆ ನೋಡುತ್ತ ಕೂತಿದ್ದ.

"ಸರಿ, ಎದ್ದಿತಲ್ಲ," ಎಂದಳು ವಿಯೋಲಾ. "ಈಗ ಎಲ್ಲರದೂ ವಾಪಸ್ ಹಾಕಿ."

"ಅದು ಆಗಲ್ಲ. ಪಂಪಿನ ಸೀಲು ಹಳೇದು, ಸೋರುತ್ತೆ. ಎತ್ತಿದರೆ ಮೆಲ್ಲಗೆ ಇಳೀತಾ ಬರುತ್ತೆ. ದಾರಿಯುದ್ದಕ್ಕೂ ಎತ್ತುತ್ತಾ ಎತ್ತುತ್ತಾ ಹೋಗಬೇಕು."

"ಹಾಗಾದರೆ ನೀವೆಲ್ಲ ಇಗರ್ಜಿಗೆ ಹೇಗೆ ಬರ್ತೀರಾ?"

ಗಂಡಸರು ತಮ್ಮ ತಮ್ಮ ಟ್ರಕ್ಕುಗಳ ತೆರೆದ ಬಾಯಿಗಳ ಕಡೆ ನೋಡಿದರು. ಈಗಷ್ಟೇ ಯಾರೋ ಕದ್ದುಕೊಂಡು ಹೋದರು ಎನ್ನುವ ಹಾಗೆ.

"ಅದನ್ನ ಯೋಚನೆ ಮಾಡಲಿಲ್ಲ," ಎಂದ ಪ್ರೊಕೊಪಿಯೊ ಕೊನೆಗೆ.

ಡೆಲ್ಫಿನಿಯಾ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದು ನಗತೊಡಗಿದಳು. ಕಣ್ಣೀರು ಬರುವವರೆಗೆ ನಕ್ಕಳು, ಆಮೇಲೆ ಅದು ಬರೀ ಕಣ್ಣೀರಾಯಿತು. ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡು, "ಗಂಡಸರಂತೆ ಗಂಡಸರು! ಲೇ ಫಿದೆಲ್, ನಿನ್ನ ಅಂಗಳದಲ್ಲಿ ಅಷ್ಟು ದೊಡ್ಡ ಹಳದಿ ಬಸ್ಸು ನಿಂತಿದೆಯಲ್ಲೋ. ಅದರ ಬ್ಯಾಟರಿನೂ ಕಿತ್ತು ಹಾಕಿದೀಯಾ?"

"ಇಲ್ಲ, ಅದು ಸೋಮವಾರ ಮಕ್ಕಳಿಗೆ ಬೇಕು..." ಎಂದವನು ಥಟ್ಟನೆ ತಿರುಗಿ ಬೇಲಿ ಹಾರಿದ. ಅದು ಮೆಲೆಸಿಯೊನದೇ ಬಸ್ಸು. ನವೆಂಬರಿನಿಂದ ಫಿದೆಲ್ ಓಡಿಸುತ್ತಿದ್ದ.

ಉಬಾಲ್ದೊ ಅಡುಗೆಮನೆಯ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ, ಬೂಟಿನ ತುಂಬ ಎಣ್ಣೆಯಾಗಿತ್ತು.

"ಅತ್ತಿಗೆ, ಕಾರು ಎದ್ದಿದೆ."

"ನೋಡ್ದೆ."

"ಲಿಮೋಸಿನ್ನೂ ಇದೆ. ನೀವು ಹೆಂಗೆ ಅಂದ್ರೆ ಹಂಗೆ."

ಎರ್ಲಿಂದಾ ಬಾಣಲೆಯನ್ನು ಮೊಳೆಗೆ ನೇತುಹಾಕಿದಳು. ಏಪ್ರನ್ ಬಿಚ್ಚಿದಳು. "ನನ್ನ ಕೋಪ ಹೋಗಿಲ್ಲ," ಎಂದಳು.

"ಹೋಗಿದೆ ಅಂತ ನಾನೆಲ್ಲಿ ಹೇಳ್ದೆ?"

"ಕೋಪದಲ್ಲೇ ಹತ್ತುತ್ತೀನಿ. ಅವನು ಬಾ ಅಂತ ಕರೆಯೋದಕ್ಕಂತೂ ಇಲ್ಲ."

ಅವಳು ಕುರ್ಚಿಯ ಮೇಲಿದ್ದ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಅಂಗಳ ದಾಟಿದಳು. ಜನ ದಾರಿ ಬಿಟ್ಟರು. ಕಾರಿನಲ್ಲಿ ಹಿಂದಿನ ಸೀಟು ಇರಲಿಲ್ಲ; ಚಾಲಕನ ಸೀಟಿನ ಹಸಿರು ರೆಕ್ಸಿನ್ ಹರಿದು ಟೇಪು ಸುತ್ತಿಕೊಂಡಿತ್ತು. ಪಕ್ಕದ ಸೀಟಿಗೆ ಹಳೆಯ ಕಂಬಳಿ ಹೊದಿಸಿತ್ತು. ಉಬಾಲ್ದೊ ಕಂಬಳಿ ಎಳೆದ. ಕೆಳಗೆ ದ್ರಾಕ್ಷಾರಸದ ಬಣ್ಣದ ಮಕಮಲ್ಲು, ಗುಂಡಿ ಗುಂಡಿಯಾಗಿ ಹೊಲಿದದ್ದು, ಎಲ್ಲೂ ಒಂದು ಕಲೆಯಿಲ್ಲ.

ಅವಳು ಅದನ್ನು ನೋಡಿದಳು. ದಿಂಬನ್ನು ಸೀಟಿನ ಮೇಲಿಟ್ಟು, ಹತ್ತಿ ಕೂತಳು. ತಲೆ ಚಾವಣಿಗೆ ಬಡಿಯಿತು.

"ಅಯ್ಯೋ! ಪೆಟ್ಟಾಯ್ತಾ ಅಮ್ಮ?" ಎಂದಳು ವಿಯೋಲಾ.

ಎರ್ಲಿಂದಾ ದಿಂಬನ್ನು ಕೆಳಗಿನಿಂದ ಎಳೆದು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕೂತಳು. ಎರಡೂ ಪಾದಗಳು ಕೆಳಗೆ ಕೂರಿಸಿದ್ದ ಮರದ ಹಲಗೆಗೆ ಸಮವಾಗಿ ಊರಿದವು. ಬೆನ್ನು ಹಿಂದಕ್ಕೆ ಆನಿತು. ಮುಂದಿನ ಗಾಜಿನಾಚೆ ಬಾನೆಟ್ ಇತ್ತು, ಅದರಾಚೆ ಗೇಟು, ಅದರಾಚೆ ದಾರಿ. ದಾರಿಯ ಆ ತಿರುವಿನವರೆಗೂ ಕಾಣುತ್ತಿತ್ತು. ಅವಳು ಒಂದು ಕೈಯನ್ನು ಸೀಟಿನ ಅಡಿಗೆ ಹಾಕಿ ತಡವಿದಳು. ಮರದ ಚೌಕಟ್ಟು, ಉಜ್ಜಿ ನುಣುಪು ಮಾಡಿದ್ದು.

"ಸ್ಟೂಲು," ಎಂದಳು.

"ಏನಂದ್ರಿ ಅತ್ತಿಗೆ?"

"ಏನಿಲ್ಲ. ಹೊರಡು."

ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯಿತು. ಉಬಾಲ್ದೊ ಸ್ವಿಚ್ಚಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಕಾರು ಇಳಿಯುತ್ತಿದ್ದಂತೆ ಒತ್ತುವುದು, ಅದು ಏಳುವುದು, ಮತ್ತೆ ಇಳಿಯುವುದು. ಅಂಗಳದ ಹೆಪ್ಪುಗಟ್ಟಿದ ಗುರುತುಗಳ ಮೇಲೆ, ಕಾಲುವೆಯ ಸೇತುವೆಯ ಮೇಲೆ, ಉಸಿರಾಡುತ್ತ ಸಾಗಿದ ಹಾಗೆ ಸಾಗಿತು. ಅವಳು ಬಾಗಿಲಿನ ಹಿಡಿ ಹಿಡಿದೇ ಇದ್ದಳು. ಹಿಂದೆ ಹಳದಿ ಬಸ್ಸು. ಮಕ್ಕಳ ಸೀಟುಗಳಲ್ಲಿ ಮಂಡಿ ಮಡಚಿಕೊಂಡು ಕಪ್ಪು ಬಟ್ಟೆಯ ಮುದುಕರು ಮುದುಕಿಯರು ತುಂಬಿ ಕೂತಿದ್ದರು; ವಿಯೋಲಾಳ ತೊಡೆಯ ಮೇಲೆ ಸಮಾಧಿಗೆಂದು ತಂದ ಹೂವು. ಎಲ್ಲಕ್ಕಿಂತ ಹಿಂದೆ ಖಾಲಿ ಲಿಮೋಸಿನ್.

ಹೆದ್ದಾರಿಯ ಅಂಚಿಗೆ ಬಂದು ನಿಂತರು. ಎರಡೂ ಕಡೆಯಿಂದ ವಾಹನಗಳು ಬಿರುಗಾಳಿಯ ಹಾಗೆ ಹೋಗುತ್ತಿದ್ದವು. ಕಾರು ಮೆಲ್ಲಗೆ ಇಳಿಯತೊಡಗಿತು.

"ಇನ್ನೂ ನಾಲ್ಕೈದು ಸಲ ಎತ್ತಬಹುದು, ಅಷ್ಟೇ," ಎಂದ ಉಬಾಲ್ದೊ, ಹಣೆ ಒರೆಸಿಕೊಳ್ಳುತ್ತ. "ಇಲ್ಲೇ ಕಾಯ್ತಾ ಕೂತರೆ ಮುಗೀತು."

ಪಕ್ಕದಿಂದ ಬಸ್ಸು ಮುಂದೆ ಬಂತು. ಹೆದ್ದಾರಿಗೆ ಮೂತಿ ಹಾಕಿ ನಿಂತಿತು. ನೆತ್ತಿಯ ಕೆಂಪು ದೀಪಗಳು ಮಿಣುಕಿದವು. ಪಕ್ಕೆಯಿಂದ 'ನಿಲ್ಲಿ' ಎಂಬ ಕೆಂಪು ಫಲಕದ ತೋಳು ಹೊರಗೆ ಚಾಚಿತು. ಮಕ್ಕಳು ರಸ್ತೆ ದಾಟುವಾಗ ಚಾಚುವ ತೋಳು; ಅದನ್ನು ಕಂಡರೆ ಎಲ್ಲ ವಾಹನಗಳೂ ನಿಲ್ಲಲೇಬೇಕು. ಹೆದ್ದಾರಿ ಎರಡೂ ಕಡೆ ನಿಂತುಬಿಟ್ಟಿತು. ದೊಡ್ಡ ಲಾರಿಗಳು ಬುಸುಗುಡುತ್ತ ಒಂದರ ಹಿಂದೊಂದು ನಿಂತವು. ಇಂಪಾಲಾ ನಡುವೆ ನಡೆದುಹೋಗುವ ಹೆಂಗಸಿನ ವೇಗದಲ್ಲಿ ದಾಟಿತು. ಕಾದು ನಿಂತ ಒಬ್ಬೊಬ್ಬ ಚಾಲಕನ ಮುಖವೂ ಎರ್ಲಿಂದಾಳಿಗೆ ಕಂಡಿತು.

"ಮಕ್ಕಳಿಲ್ಲದೆ ಆ ತೋಳು ಚಾಚೋದು ಅಪರಾಧ. ಫಿದೆಲನ ಕೆಲಸ ಹೋದರೂ ಹೋಯ್ತು," ಎಂದ ಉಬಾಲ್ದೊ.

"ನೀನು ಸ್ವಿಚ್ಚು ಒತ್ತು," ಎಂದಳು ಅವಳು.

*

ಪೂಜೆ ಮುಗಿಯಿತು. ಇಗರ್ಜಿಯ ಬಾಗಿಲಿನಿಂದ ಸಮಾಧಿಗಳವರೆಗಿನ ಮಣ್ಣುದಾರಿಯ ಪಕ್ಕದಲ್ಲಿ ಮೆಲೆಸಿಯೊನ ಸ್ನೇಹಿತರ ಕಾರುಗಳು ಸಾಲಾಗಿ ನಿಂತಿದ್ದವು: ನೀಲಿ, ಹಸಿರು, ಬಂಗಾರದ ಬಣ್ಣ, ಒಂದರ ಬಾನೆಟ್ಟಿನ ಮೇಲೆ ಮಾತೆ ಮರಿಯಳ ಚಿತ್ರ. ಸಾಲಿನ ಕೊನೆಗೆ, ತೆರೆದ ಗುಂಡಿಗೆ ಮುಖಮಾಡಿ, ಬೂದು ಬಣ್ಣದ ಇಂಪಾಲಾ. ಶವಪೆಟ್ಟಿಗೆ ಹಾದುಹೋಗುವಾಗ ಒಂದೊಂದು ಕಾರೂ ಮುಂಭಾಗ ತಗ್ಗಿಸಬೇಕು. ಅದು ಅಲ್ಲಿಯವರು ಕೊಡುವ ಮರ್ಯಾದೆ.

ಉಬಾಲ್ದೊ ಪೆಟ್ಟಿಗೆಗೆ ಹೆಗಲು ಕೊಡಬೇಕಾಗಿತ್ತು. ಕಾರನ್ನು ಇನ್ನೊಮ್ಮೆ ಎತ್ತಿ ನಿಲ್ಲಿಸಿ, ಸ್ವಿಚ್ಚಿನ ಪೆಟ್ಟಿಗೆಯನ್ನು ಅತ್ತಿಗೆಯ ಕೈಗಿಟ್ಟ. "ಎಡಗಡೆಯದು, ಕೆಳಕ್ಕೆ. ಒಂದೇ ಸಲ."

ಅವಳು ಒಬ್ಬಳೇ ಕಾರಿನಲ್ಲಿ ಕೂತಳು. ಪೆಟ್ಟಿಗೆ ಗಂಡಸರ ಹೆಗಲ ಮೇಲೆ ಸ್ವಲ್ಪ ಓಲಾಡುತ್ತ ಬರುತ್ತಿತ್ತು. ನೀಲಿ ಕಾರು ಬಾಗಿತು. ಹಸಿರು ಬಾಗಿತು. ಬಂಗಾರದ ಬಣ್ಣದ್ದು ಬಾಗಿತು. ಪೆಟ್ಟಿಗೆ ಅವಳ ಕಿಟಕಿಯ ಮುಂದೆ ಬಂದಾಗ ಅವಳು ಎಡಗಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಒತ್ತಿದಳು. ಇಂಪಾಲಾ ಒಂದು ನಿಟ್ಟುಸಿರಿನೊಂದಿಗೆ ಮೂತಿಯನ್ನು ನೆಲಕ್ಕೆ ಊರಿತು.

ಆಮೇಲೆ ಅವಳು ಇಳಿದು ಹೋಗಿ ಒಂದು ಹಿಡಿ ಮಣ್ಣು ಹಾಕಿದಳು. ಗಂಡಸರು ಸರದಿಯ ಮೇಲೆ ಗುದ್ದಲಿ ಹಿಡಿದು ಗುಂಡಿ ಮುಚ್ಚಿದರು. ಜನ ಒಬ್ಬೊಬ್ಬರಾಗಿ ಅವಳ ಕೈ ಹಿಡಿದು ಬಸ್ಸಿನ ಕಡೆ ಹೊರಟರು. ಅವಳು ಮಾತ್ರ ಹಿಂತಿರುಗಿ ಬಂದು ತನ್ನ ಸೀಟಿನಲ್ಲಿ ಕೂತಳು.

ಉಬಾಲ್ದೊ ಸ್ವಿಚ್ಚು ಒತ್ತಿದ. 'ಟಿಕ್.' ಕಾರು ಏಳಲಿಲ್ಲ. ಅವನು ಏನೋ ಗೊಣಗುತ್ತ ಡಿಕ್ಕಿಯ ಹತ್ತಿರ ಹೋಗಿ ಕೆಸರಿನಲ್ಲಿ ಮಂಡಿಯೂರಿದ. ಎರ್ಲಿಂದಾ ಕಿಟಕಿಯಿಂದ ಕೈ ಹಾಕಿ ದಿಂಬನ್ನು ಹಿಂದಿದ್ದ ಅವನ ಕಡೆಗೆ ಚಾಚಿದಳು.

"ಮಂಡಿ ಕೆಳಗೆ ಹಾಕ್ಕೋ."

"ಇದು ನಿಮ್ಮ ದಿಂಬು, ಅತ್ತಿಗೆ. ಕೆಸರಾಗುತ್ತೆ."

"ಆಗಲಿ."

ವಿಯೋಲಾ ಬಂದು ಕಿಟಕಿಗೆ ಬಗ್ಗಿದಳು. "ಅಮ್ಮಾ, ಬಸ್ಸಿಗೆ ಬಾ. ಇದು ಇನ್ನು ಯಾವಾಗ ಏಳುತ್ತೋ. ಊಟ ತಣ್ಣಗಾಗುತ್ತೆ."

"ನೀವು ನಡೀರಿ. ನಾನು ಇದರಲ್ಲೇ ಬರ್ತೀನಿ."

ವಿಯೋಲಾ ತಾನು ಹೊದ್ದಿದ್ದ ಶಾಲು ತೆಗೆದು ಅಮ್ಮನ ಮಂಡಿಗಳ ಮೇಲೆ ಹೊದಿಸಿ ಹೋದಳು.

ಮೂತಿ ತಗ್ಗಿಸಿದ ಉದ್ದನೆಯ ಬಾನೆಟ್ಟಿನ ಮೇಲಿಂದ ಎರ್ಲಿಂದಾಳಿಗೆ ಹಸಿ ಮಣ್ಣಿನ ದಿಬ್ಬ ಪೂರ್ತಿಯಾಗಿ ಕಾಣುತ್ತಿತ್ತು. ಅದರ ಮೇಲಿಟ್ಟ ಹೂವು, ಮಣ್ಣಿನಲ್ಲಿ ಗುದ್ದಲಿಯ ಹಿಂಬದಿಯಿಂದ ತಟ್ಟಿದ ಗುರುತು, ಎಲ್ಲ. ಕತ್ತು ಎತ್ತಬೇಕಾಗಿರಲಿಲ್ಲ.

ಬಸ್ಸು ಹೊರಡಲಿಲ್ಲ. ಇಗರ್ಜಿಯ ಗೇಟಿಗೆ ಅಡ್ಡವಾಗಿ, ಎಂಜಿನ್ ಸದ್ದು ಮಾಡುತ್ತ ನಿಂತೇ ಇತ್ತು. ಕಿಟಕಿಗಳಲ್ಲಿ ಮುಖಗಳು ಇತ್ತ ತಿರುಗಿದ್ದವು. ಸ್ವಲ್ಪ ಹೊತ್ತಿನ ಮೇಲೆ ಫಿದೆಲ್ ಕೆಂಪು ತೋಳನ್ನು ಹೊರಗೆ ಚಾಚಿದ. ಆ ಮಣ್ಣುದಾರಿಯಲ್ಲಿ ತಡೆಯುವುದಕ್ಕೆ ಒಂದು ನಾಯಿಯೂ ಇರಲಿಲ್ಲ.